ಪಿಂಕ್ ಫ್ಲಾಯ್ಡ್ ಒಡೆದದ್ದು ಯಾರಿಂದ?

ರಾಕ್ ಕೇಳುವವರು ಮಾತಿಗೆ ಸಿಕ್ಕರೆ ಈ ಪ್ರಶ್ನೆ ಬಂದೇ ಬರುತ್ತದೆ: ಬ್ರಿಟನ್ನಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ ಒಡೆದದ್ದು ಬೇಸ್ ಗಿಟಾರ್‌ನ ರೋಜರ್ ವಾಟರ್ಸ್‌ನಿಂದಲೋ, ಗಿಟಾರ್‌ನ ಡೇವಿಡ್ ಗಿಲ್ಮೋರ್‌ನಿಂದಲೋ? ಇಬ್ಬರ ಜಗಳ ಜಗಜ್ಜಾಹೀರು. ಆದರೆ ಬಿರುಕು ಎಲ್ಲಿ ಬಿಟ್ಟಿತೆಂದು ತಿಳಿಯಬೇಕಾದರೆ ಸಂದರ್ಶನಗಳನ್ನು ಬದಿಗಿಟ್ಟು, ಯಾವ ಹಾಡು ಯಾರ ಹೆಸರಿನಲ್ಲಿದೆ ಎಂದು ನೋಡಿ.

ಮೊದಲ ಆಲ್ಬಮ್‌ನ ಬಹುಪಾಲು ಹಾಡುಗಳನ್ನು ಬರೆದಿದ್ದ ಸಿಡ್ ಬ್ಯಾರೆಟ್ 1968ರಲ್ಲಿ ಹೊರಬಿದ್ದ ಮೇಲೆ, ಉಳಿದವರೆಲ್ಲ ಬರೆಯಲೇಬೇಕಾಯಿತು. 1973ರ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್'ನಲ್ಲಿ ಸಾಹಿತ್ಯವೆಲ್ಲ ವಾಟರ್ಸ್‌ನದು. ಸಂಗೀತಕ್ಕೆ ಮಾತ್ರ ತಂಡದ ನಾಲ್ವರ ಹೆಸರೂ ಇದೆ. 1977ರ 'ಅನಿಮಲ್ಸ್'ಗೆ ಬರುವಷ್ಟರಲ್ಲಿ ಕೀಬೋರ್ಡ್‌ನ ರಿಚರ್ಡ್ ರೈಟ್ ಹೆಸರು ಒಂದು ಹಾಡಿಗೂ ಇಲ್ಲ. ರಾಯಲ್ಟಿ ಹಂಚುತ್ತಿದ್ದದ್ದು ಹಾಡಿನ ಲೆಕ್ಕದಲ್ಲಿ, ನಿಮಿಷದ ಲೆಕ್ಕದಲ್ಲಲ್ಲ. ಗಿಲ್ಮೋರ್ ಪಾಲಿದ್ದ 'ಡಾಗ್ಸ್' 17 ನಿಮಿಷದ್ದಾದರೂ ಒಂದೇ ಹಾಡು. ವಾಟರ್ಸ್‌ನ 'ಪಿಗ್ಸ್ ಆನ್ ದಿ ವಿಂಗ್' ಒಂದೂವರೆ ನಿಮಿಷದ ಎರಡು ತುಂಡು, ಆದ್ದರಿಂದ ಎರಡು ಹಾಡು. ಮನಸ್ತಾಪ ಬೆಳೆಯಲು ಇನ್ನೇನು ಬೇಕು?

ಅದರ ಬೆನ್ನಿಗೇ ದುಡ್ಡಿನ ಪೆಟ್ಟು ಬಿತ್ತು. ನಾರ್ಟನ್ ವಾರ್‌ಬರ್ಗ್ ಎಂಬ ಸಂಸ್ಥೆಯ ಮೂಲಕ ಹೂಡಿದ್ದ ಹಣದಲ್ಲಿ ಹತ್ತು ಲಕ್ಷ ಪೌಂಡ್‌ಗೂ ಹೆಚ್ಚು ಮುಳುಗಿತು. ತೆರಿಗೆಯ ಭಾರ ಬೇರೆ. ಅದಕ್ಕೇ 1979ರಲ್ಲಿ ಇಂಗ್ಲೆಂಡ್ ಬಿಟ್ಟು ಫ್ರಾನ್ಸಿನಲ್ಲಿ 'ದಿ ವಾಲ್' ಧ್ವನಿಮುದ್ರಣಕ್ಕೆ ಕೂತರು. ವರ್ಷದೊಳಗೆ ಮುಗಿಸಿದರೆ ಹೆಚ್ಚಿನ ಪಾಲು ಕೊಡುವುದಾಗಿ ರೆಕಾರ್ಡ್ ಕಂಪನಿ ಹೇಳಿತು. ಕುಟುಂಬದ ಜೊತೆಗಿನ ರಜೆ ಮೊಟಕುಗೊಳಿಸಲು ರೈಟ್ ಒಪ್ಪಲಿಲ್ಲ. ವಾಟರ್ಸ್ ಪಟ್ಟು ಹಿಡಿದು ಅವನನ್ನು ಹೊರಹಾಕಿಸಿದ.

'ದಿ ವಾಲ್'ನ 1980–81ರ 31 ಪ್ರದರ್ಶನಗಳಲ್ಲಿ ರೈಟ್ ಸಂಬಳದ ವಾದಕ. ವೇದಿಕೆಗೆ ಅಡ್ಡವಾಗಿ ರಟ್ಟಿನ ಇಟ್ಟಿಗೆಗಳ ಗೋಡೆ ಕಟ್ಟುವ ಆ ಪ್ರದರ್ಶನಕ್ಕೆ ಖರ್ಚು ವಿಪರೀತ. ಪಾಲುದಾರರಾಗಿದ್ದ ಮೂವರಿಗೂ ನಷ್ಟವಾಯಿತು. ಕೈಗೆ ಕಾಸು ಬಂದದ್ದು ರೈಟ್‌ಗೆ ಮಾತ್ರ!

ನನ್ನ ಪ್ರಕಾರ ತಂಡ ಮುರಿದದ್ದು ರೈಟ್‌ನನ್ನು ಹೊರಹಾಕಿದಲ್ಲಿಯೇ. ರೈಟ್‌ನ ಮೆದು ಸ್ವರಸಂಗತಿಗಳಿಲ್ಲದ 1983ರ 'ದಿ ಫೈನಲ್ ಕಟ್' ಕೇಳಿದರೆ ಅದು ಕಿವಿಗೇ ಗೊತ್ತಾಗುತ್ತದೆ. ಅಲ್ಲಿ ಎಲ್ಲ ಹಾಡೂ ವಾಟರ್ಸ್‌ನದೇ. ಕೃತಿ ಅವನದು, ನುಡಿಸಿದ್ದು ಪಿಂಕ್ ಫ್ಲಾಯ್ಡ್ ಎಂದು ಹಿಂಬದಿಯಲ್ಲೇ ಅಚ್ಚಾಗಿದೆ.

1985ರಲ್ಲಿ ವಾಟರ್ಸ್ ಹೊರನಡೆದ. ಮರುವರ್ಷ ತಂಡದ ಹೆಸರಿಗಾಗಿ ಕೋರ್ಟು ಹತ್ತಿದ. 1987ರ ಡಿಸೆಂಬರ್‌ನಲ್ಲಿ ಗಿಲ್ಮೋರ್‌ನ ದೋಣಿಮನೆಯಲ್ಲಿ ರಾಜಿಯಾಯಿತು: ಹೆಸರು ಗಿಲ್ಮೋರ್ ಮತ್ತು ಡ್ರಮ್ಮರ್ ನಿಕ್ ಮೇಸನ್‌ಗೆ, 'ದಿ ವಾಲ್' ವಾಟರ್ಸ್‌ಗೆ. ಅಷ್ಟರಲ್ಲಿ ಗಿಲ್ಮೋರ್ ಮತ್ತು ಮೇಸನ್‌ರ ಹೊಸ ಆಲ್ಬಮ್ ಹೊರಬಂದಾಗಿತ್ತು. ಅದರಲ್ಲಿ ರೈಟ್ ಮತ್ತೆ ನುಡಿಸಿದ್ದಾನೆ, ಆಗಲೂ ಸಂಬಳಕ್ಕೇ.