ನೆಲ ಇನ್ನು ಮೂವತ್ತು ಅಡಿ

ಸೆಸ್ನಾ 172 ವಿಮಾನದ ಎಡ ರೆಕ್ಕೆಯ ಮುಂದಿನ ಅಂಚಿನಲ್ಲಿ ಒಂದು ಸಣ್ಣ ಕಿಂಡಿ ಇದೆ. ಹಾರುವ ಮೊದಲು ಅದರ ಮೇಲೆ ಶುಭ್ರವಾದ ಕರವಸ್ತ್ರ ಇಟ್ಟು, ಬಾಯಿ ಹಚ್ಚಿ ಗಾಳಿ ಎಳೆಯಬೇಕು. ಒಳಗೆ ಪೀಪಿ ಊದಿದಂತೆ ಸದ್ದು ಬಂದರೆ ಎಲ್ಲ ಸರಿಯಿದೆ. ಅದಕ್ಕೆ ವಿದ್ಯುತ್ ಬೇಕಿಲ್ಲ, ಹಾರ್ಮೋನಿಯಂನಲ್ಲಿರುವಂಥದೇ ಒಂದು ರೀಡ್. ವೇಗ ಕುಗ್ಗಿ ರೆಕ್ಕೆ ವಿಮಾನವನ್ನು ಹೊರಲಾರದೆ ಹೋಗುವ ಹಂತಕ್ಕೆ 5ರಿಂದ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಬಾಕಿ ಇರುವಾಗಲೇ ಅದು ಕೂಗುತ್ತದೆ. ಚಕ್ರ ನೆಲ ಮುಟ್ಟುವ ಹೊತ್ತಿನಲ್ಲಿ ಆ ಕೂಗು ಕೇಳಿದರೆ ಕಿವಿಗೆ ಹಿತ. ನನಗೆ ಅದು ಕೇಳಿದ್ದು ನೆಲ ಇನ್ನೂ ಮೂವತ್ತು ಅಡಿ ಕೆಳಗಿದ್ದಾಗ.

ಅರಿಜೋನಾದಲ್ಲಿ, ಫೀನಿಕ್ಸ್ ಸಮೀಪದ ಒಂದು ಸಣ್ಣ ನಿಲ್ದಾಣದಲ್ಲಿ ನಾನು ವಿಮಾನ ಕಲಿಯುತ್ತಿದ್ದ ಜೂನ್ ತಿಂಗಳು. ಬಿಸಿಲು ಏರುವ ಮುನ್ನ ಇಳಿಯಬೇಕಿತ್ತು. ಹೊರಟಿದ್ದೇ ತಡವಾಗಿ ಹನ್ನೊಂದೂವರೆ ಆಯಿತು. 41 ಡಿಗ್ರಿ. ಒಬ್ಬನೇ ಇದ್ದೆ. ಕಿತ್ತಳೆ ಬಣ್ಣದ ಗಾಳಿಚೀಲ ನೆಟ್ಟಗೆ ನನ್ನ ಕಡೆಗೇ ಬೀಸುತ್ತಿತ್ತು, ಎದುರುಗಾಳಿ, ಇಳಿಯಲು ಅನುಕೂಲವೇ. ಕಡಿಮೆ ವೇಗದಲ್ಲೂ ವಿಮಾನವನ್ನು ಎತ್ತಿಹಿಡಿಯುವ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಪೂರ್ತಿ ಇಳಿಸಿ 65 ನಾಟ್‌ನಲ್ಲಿ ಬರುತ್ತಿದ್ದೆ. ರನ್‌ವೇ ಅಂಚು ದಾಟಿದೆ. ಕೂಡಲೇ ಎಡ ರೆಕ್ಕೆ ಯಾರೋ ಹಿಡಿದು ಎಳೆದಂತೆ ಕುಸಿಯಿತು, ವೇಗದ ಮುಳ್ಳು 48ಕ್ಕೆ ಬಿತ್ತು, ಪೀಪಿ ಕೂಗಿತು.

ನಾನು ರಾಯಚೂರು ಕಡೆಯವನು. ಏಪ್ರಿಲ್ ತಿಂಗಳ ಎರೆಹೊಲದಲ್ಲಿ ಧೂಳೆಬ್ಬಿಸಿಕೊಂಡು ಸುಂಟರಗಾಳಿ ಬಂದರೆ ಅಜ್ಜಿ ನನ್ನ ರಟ್ಟೆ ಹಿಡಿದು ಬದಿಗೆ ಎಳೆಯುತ್ತಿದ್ದಳು. ದೆವ್ವ ಹೋಗುತ್ತಿದೆ, ಸರಿದು ನಿಲ್ಲು ಎನ್ನುತ್ತಿದ್ದಳು. ಅರಿಜೋನಾದವರೂ ಅದಕ್ಕೆ ಡಸ್ಟ್ ಡೆವಿಲ್ ಎನ್ನುತ್ತಾರೆ, ಧೂಳಿನ ದೆವ್ವ. ಕಾದ ನೆಲದಿಂದ ಬಿಸಿಗಾಳಿ ಸುತ್ತುತ್ತ ಮೇಲೇಳುವುದು ಎರಡೂ ಕಡೆ ಒಂದೇ. ಆದರೆ ಅದು ಕಾಣುವುದು ಧೂಳು ಸಿಕ್ಕಿದಾಗ ಮಾತ್ರ. ಡಾಂಬರಿನ ಮೇಲೆ ಧೂಳಿಲ್ಲ. ಅಲ್ಲಿ ಸುಳಿ ಬರಿಗಾಳಿಯಾಗಿಯೇ ತಿರುಗುತ್ತಿರುತ್ತದೆ, ಅದರ ಒಂದು ಬದಿಯಲ್ಲಿ ಎದುರುಗಾಳಿ, ಇನ್ನೊಂದು ಬದಿಯಲ್ಲಿ ಹಿಂಗಾಳಿ. 140 ನಾಟ್‌ನಲ್ಲಿ ಇಳಿಯುವ ದೊಡ್ಡ ಜೆಟ್‌ಗೆ 15 ನಾಟ್ ಕಳೆದರೆ ಹತ್ತರಲ್ಲಿ ಒಂದು ಪಾಲು. ನನಗೆ ಅದು ಹೆಚ್ಚುಕಡಿಮೆ ಕಾಲು ಭಾಗ. ನನ್ನ ವಿಮಾನವೋ, ತುಂಬಾ ತುಂಬಿದರೂ 1157 ಕಿಲೋ.

ಅಂಥ ಗಳಿಗೆಯಲ್ಲಿ ಕೈ ತಾನಾಗಿ ನೆಲದತ್ತ ಓಡುತ್ತದೆ. ಇನ್ನೇನು ಬಂದೇಬಿಟ್ಟಿತಲ್ಲ, ಹೇಗಾದರೂ ಇಳಿಸಿಬಿಡೋಣ ಎನಿಸುತ್ತದೆ. ವಾರದ ಹಿಂದೆ ಬೇರೊಬ್ಬ ವಿದ್ಯಾರ್ಥಿ ಹಾಗೆ ಇಳಿಸಲು ಹೋದ. ವಿಮಾನ ಪುಟಿಯಿತು, ಮೂತಿಯನ್ನು ಒತ್ತಿ ಕೆಳಗಿಳಿಸಿದ, ಎರಡನೆಯ ಸಲ ಇನ್ನೂ ಜೋರಾಗಿ ಪುಟಿಯಿತು, ಮೂರನೆಯ ಸಲಕ್ಕೆ ಮುಂಚಕ್ರ ಮುರಿಯಿತು. ಅವನಿಗೆ ಏನೂ ಆಗಲಿಲ್ಲ. ಹ್ಯಾಂಗರ್‌ನಲ್ಲಿ ಆ ವಿಮಾನವನ್ನು ನೋಡಿದೆ: ಪ್ರೊಪೆಲರ್‌ನ ಎರಡೂ ತುದಿ ಬಾಳೆಯ ಎಳೆಸುಳಿಯಂತೆ ಸುರುಳಿಯಾಗಿದ್ದವು, ಎಂಜಿನ್ ಹಿಂದಿನ ತಗಡು ಸುಕ್ಕುಗಟ್ಟಿತ್ತು. ಗಾಳಿ ಕೆಡಿಸಿದ್ದು ಒಂದು ಕ್ಷಣವನ್ನು, ಉಳಿದದ್ದನ್ನು ಕೆಡಿಸಿದ್ದು ಹಟ ಎಂದೇ ನಾನು ನಂಬಿದ್ದೇನೆ.

ಎಂಜಿನ್ನಿಗೆ ಬಲ ಕೊಡುವ ಥ್ರಾಟಲ್ ಪೂರ್ತಿ ಒತ್ತಿದೆ. ರೆಕ್ಕೆ ಸಮ ಮಾಡಿ ಫ್ಲ್ಯಾಪ್ 20 ಡಿಗ್ರಿಗೆ ತಂದೆ. ಒಂದೇ ಸಲಕ್ಕೆ ಪೂರ್ತಿ ಎತ್ತಿದ್ದರೆ ಅಲ್ಲೇ ಕೂತುಬಿಡುತ್ತಿತ್ತು. ನಿಲ್ದಾಣದ ಎತ್ತರ 1500 ಅಡಿಯಾದರೂ ಆ ಬಿಸಿಲಿಗೆ ಗಾಳಿ 5000 ಅಡಿಯಲ್ಲಿರುವಷ್ಟು ತೆಳುವಾಗಿತ್ತು; ಎಂಜಿನ್ ಗರ್ಜಿಸುತ್ತಿದ್ದರೂ ವಿಮಾನ ಏರುವ ಮನಸ್ಸು ಮಾಡಲಿಲ್ಲ. ಮುಳ್ಳು 60 ತಲುಪುವವರೆಗೆ ನಾನು ಉಸಿರಾಡಿದ ನೆನಪಿಲ್ಲ. ಎರಡನೆಯ ಸುತ್ತಿನಲ್ಲಿ ಐದು ನಾಟ್ ಹೆಚ್ಚು ಇಟ್ಟುಕೊಂಡು ಬಂದು ಇಳಿದೆ.

ಕಲಿಸುವವರು ಲಾಗ್‌ಬುಕ್ ನೋಡಿ ಬೆನ್ನು ತಟ್ಟಿದರು. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಊಟದ ವಿಷಯ ಮಾತಾಡಿದೆ, ಇದನ್ನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಹೋದೆ. ಆ ಕಿಂಡಿಯ ಅಂಚಿಗೆ ಕೆಂಪು ಧೂಳು ಮೆತ್ತಿತ್ತು. ಒರೆಸಿ, ಕರವಸ್ತ್ರ ಇಟ್ಟು, ಗಾಳಿ ಎಳೆದೆ. ಪೀಪಿ ಊದಿತು.