ಅಮ್ಮನ ಪಾಸ್‌ಬುಕ್‌ನಲ್ಲಿ ಆರು ಸಲ 299

ಆಟಿ ತಿಂಗಳ ಒಂದು ಶನಿವಾರ, ಹೊರಗೆ ಜಡಿಮಳೆ. ಉಡುಪಿಯ ಮನೆಯಲ್ಲಿ ಅಮ್ಮನ ಪಾಸ್‌ಬುಕ್ ನೋಡ್ತಾ ಕೂತಿದ್ದೆ. ತಿಂಗಳು ತಿಂಗಳು 299 ರೂಪಾಯಿ ಹೋಗಿದೆ, ಆರು ಸಲ. "ಇದೆಂತದಮ್ಮ?" ಅಂದರೆ ಅವರಿಗೂ ಗೊತ್ತಿಲ್ಲ. ಹಾಲಿನ ಲೆಕ್ಕ, ಮಲ್ಪೆ ಬಂಗುಡೆಗೆ ಕೊಟ್ಟ ಚಿಲ್ಲರೆ, ಎಲ್ಲವನ್ನೂ ಡೈರಿಯಲ್ಲಿ ಬರೆದಿಡುವವರು ಅವರು.

ಹುಡುಕಿದಾಗ ಸಿಕ್ಕಿತು. ಮೊಣಕಾಲು ನೋವಿಗೆ ವ್ಯಾಯಾಮ ಕಲಿಸುವ ಒಂದು ಆ್ಯಪ್. ಒಂದು ರೂಪಾಯಿಗೆ ಏಳು ದಿನ ಅಂತ ಇತ್ತಂತೆ. ಅಮ್ಮ ಯುಪಿಐ ಪಿನ್ ಒತ್ತಿದ್ದಾರೆ, ಇಷ್ಟ ಆಗದೆ ನಾಲ್ಕೇ ದಿನಕ್ಕೆ ಆ್ಯಪ್ ತೆಗೆದುಹಾಕಿದ್ದಾರೆ. "ತೆಗೆದಾಯ್ತಲ್ಲ, ಮತ್ತೆ ಹೇಗೆ ಹೋಗ್ತದೆ?" ಆ ಒಂದು ಪಿನ್‌ನಲ್ಲೇ ಆಟೋಪೇಗೂ, ಅಂದರೆ ತಿಂಗಳು ತಿಂಗಳು ಹಣ ತಾನಾಗಿಯೇ ಹೋಗುವುದಕ್ಕೂ, ಒಪ್ಪಿಗೆ ಸೇರಿಕೊಂಡಿತ್ತು, ಅದಾದ ಮೇಲೆ 15,000 ರೂಪಾಯಿವರೆಗಿನ ಕಂತಿಗೆ ಪಿನ್ ಕೇಳುವುದೇ ಇಲ್ಲ ಅಂತ ಎಪ್ಪತ್ತರ ಹತ್ತಿರದ ಅಮ್ಮನಿಗೆ ಯಾರು ಹೇಳಿದ್ದರು?

ಹಣ ತೆಗೆಯುವ 24 ಗಂಟೆ ಮೊದಲು ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ತಿಳಿಸಿದ್ದಾರೆ! ಆರೂ ಮೆಸೇಜ್ ಫೋನಲ್ಲೇ ಇದ್ದವು, ಇಂಗ್ಲಿಷಿನಲ್ಲಿ, ಲೋನ್ ಬೇಕಾ, ಸೀರೆ ಸೇಲ್ ಅನ್ನುವ ರಾಶಿಯ ನಡುವೆ. ನನಗೆ ಜಾಸ್ತಿ ಸಂಕಟ ಆದದ್ದು ಇದನ್ನು ನೋಡಿ. ಕನ್ನಡ ಮಾತ್ರ ಓದುವವರಿಗೆ ಅದು ತಿಳಿಸಿದ ಹಾಗೆ ಆಯ್ತಾ?

ಆ್ಯಪ್ ಮತ್ತೆ ಹಾಕಿ ನೋಡಿದೆ. ಸೇರಲು ದೊಡ್ಡ ಹಸಿರು ಬಟನ್. ಬಿಡಲು ಎಲ್ಲೂ ದಾರಿಯಿಲ್ಲ, ಇಮೇಲ್ ಬರೆಯಬೇಕಂತೆ. ಹೀಗೆ ಬಿಡಿಸಿಕೊಳ್ಳಲು ಕಷ್ಟ ಮಾಡುವುದು ತಪ್ಪು ಅಂತ 2023ರ ನವೆಂಬರ್ 30ರಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಅದರಲ್ಲಿರುವ 13 ಮೋಸದ ವಿನ್ಯಾಸಗಳಲ್ಲಿ ಚಂದಾ ಬಲೆಯೂ ಒಂದು.

ಇಮೇಲ್‌ಗೆ ಕಾಯಲಿಲ್ಲ. ಅಮ್ಮನ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಅಂತ ಒಂದು ಜಾಗ ಉಂಟಲ್ವಾ, ಅಲ್ಲಿಗೇ ಹೋಗಿ ರದ್ದು ಮಾಡಿದೆವು, ಪಿನ್ ಅಮ್ಮನೇ ಒತ್ತಿದರು. ಎರಡು ನಿಮಿಷದ ಕೆಲಸ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಕೊಟ್ಟೆವು. ಹತ್ತು ದಿನಕ್ಕೆ ಕೊನೆಯ ತಿಂಗಳ 299 ವಾಪಸ್ ಬಂತು. ಅಮ್ಮ ಡೈರಿಯಲ್ಲಿ ಅದನ್ನು ಬರೆದು, ಕೆಳಗೆ "ಬಾಕಿ 1,495" ಅಂತ ಗೆರೆ ಎಳೆದಿದ್ದಾರೆ. ಅದಕ್ಕೂ ದೂರು ಇದೆ, ನಾವು ಬಿಡುವುದಿಲ್ಲ.