ಧ್ವನಿ ಪಾಠಗಳು: ಆರನೇ ವಾರ

ಈ ವಾರ ಎರಡು ಪಾಠ ಮುಗಿಸಬೇಕಿತ್ತು. ಒಂದೂ ಮುಗಿಯಲಿಲ್ಲ. ಇದ್ದದ್ದನ್ನೂ ಅಳಿಸಿ ಹಾಕಿದೆ. ಆದರೂ ಖುಷಿಯಾಗಿದ್ದೇನೆ.

ಕಲಿಯುತ್ತಿರುವವರು 9 ಜನ. ಎಲ್ಲರೂ ಬುಡಕಟ್ಟು ಸಮುದಾಯದವರು, ಅರವತ್ತು ದಾಟಿದವರು. ಅವರ ಮಾತಿಗೆ ಸ್ವಂತ ಲಿಪಿ ಇಲ್ಲ. ಹಾಗಾಗಿ ಫೋನಿನಲ್ಲಿ ಬರುವ ಆರೋಗ್ಯದ ವಿಷಯವನ್ನು ನಂಬಬೇಕೋ ಬೇಡವೋ ಎಂಬುದನ್ನು ಧ್ವನಿಯಲ್ಲೇ ಕಲಿಸಬೇಕು.

ಶುರುವಿನಲ್ಲಿ ಇ-ಹೀಲ್ಸ್ ಪ್ರಶ್ನಾವಳಿ ಬಳಸಿದ್ದೆ. ಇಂಟರ್ನೆಟ್‌ನಲ್ಲಿ ಆರೋಗ್ಯದ ವಿಷಯ ಹುಡುಕಿ ಬಳಸಲು ಬರುತ್ತದೆಯೇ ಎಂದು ಕೇಳುವ ಪ್ರಶ್ನೆಗಳು ಅವು. ನಾರ್ಮನ್ ಮತ್ತು ಸ್ಕಿನ್ನರ್ 2006ರಲ್ಲಿ ಪ್ರಕಟಿಸಿದ್ದು. 8 ಪ್ರಶ್ನೆ, ಅಂಕ 8ರಿಂದ 40ರವರೆಗೆ. ಒಬ್ಬ ಅಜ್ಜಿ ಎಲ್ಲದಕ್ಕೂ "ನಂಗೇನು ಗೊತ್ತು" ಅಂದರು. ಬಂದದ್ದು 8. ಆ ಪ್ರಶ್ನೆಗಳು ಕೇಳುವುದು ನಮಗೆ ನಮ್ಮ ಮೇಲೆ ಎಷ್ಟು ಭರವಸೆ ಇದೆ ಅಂತ, ನಿಜಕ್ಕೂ ಏನು ಬರುತ್ತದೆ ಅಂತ ಅಲ್ಲ. ಇದು ಗೊತ್ತಿದ್ದೂ ಅವರನ್ನು ಕೊನೆಯ ಸಾಲಿನಲ್ಲಿ ಕೂರಿಸಿದ್ದೆ.

ಬೆರಳಿನ ತೊಂದರೆ ಸುಲಭವಾಗಿ ಬಗೆಹರಿಯಿತು. ದುಡಿದು ಜಡ್ಡುಗಟ್ಟಿದ, ಒಣಗಿದ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಅವರು ಒತ್ತಿ ಹಿಡಿಯುತ್ತಾರೆ, ಬೇರೇನೋ ತೆರೆದುಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಜಾಸ್ತಿ ಮಾಡಿದೆ, ಅಷ್ಟೇ.

ಸುಳ್ಳು ಸುದ್ದಿಯ ಪಾಠಕ್ಕೆ ನಾನೇ ಒಂದು ನಕಲಿ ಸಂದೇಶ ಮಾಡಿದ್ದೆ. ಯಾವುದೋ ಎಲೆಯ ರಸ ಕುಡಿದರೆ ಏಳು ದಿನದಲ್ಲಿ ಸಕ್ಕರೆ ಕಾಯಿಲೆ ಮಾಯ ಅಂತ. ಕೇಳಿಸಿದೆ. ಅದೇ ಅಜ್ಜಿ ಕೇಳಿದರು: "ಯಾರು ಹೇಳ್ತಿರೋದು?" ಗೊತ್ತಿಲ್ಲ ಅಂದೆ. "ಯಾರಿಗೆ ಕೊಟ್ಟು ನೋಡಿದಾರೆ?" ಅದೂ ಗೊತ್ತಿಲ್ಲ. "ಆಳನ್ನೇ ನೋಡದೆ ಎಲ್ಲರಿಗೂ ಒಂದೇ ಮದ್ದು ಕೊಡ್ತಾರಾ?"

ನಾನು ಬರೆದಿಟ್ಟಿದ್ದ ಹನ್ನೊಂದು ಹಂತಗಳ ಪಾಠ ಅಲ್ಲಿಗೆ ಮುಗಿಯಿತು. ಈಗ ಪಾಠ ಎಂದರೆ ಅಜ್ಜಿಯ ಆ ಮೂರು ಪ್ರಶ್ನೆ, ಜೊತೆಗೆ ನನ್ನದೊಂದು: ನುಂಗುತ್ತಿರುವ ಮಾತ್ರೆ ಬಿಡು ಅಂತ ಹೇಳ್ತಿದೆಯಾ? ಹೇಳಿದರೆ, ಡಾಕ್ಟರನ್ನು ಕೇಳದೆ ಬಿಡಬೇಡಿ.

ಅಜ್ಜಿಯ ದನಿಯಲ್ಲೇ ರೆಕಾರ್ಡ್ ಮಾಡೋಣ ಅಂದಾಗ ಬಂದದ್ದು ಇನ್ನೊಂದು ಪ್ರಶ್ನೆ: "ಇದು ಎಲ್ಲಿಗೆ ಹೋಗುತ್ತೆ?" ಮಾತಿನ ನಡುವೆ ಅವರು ನಿಜವಾದ ಮದ್ದಿನ ಗಿಡಗಳ ಹೆಸರನ್ನೂ ಹೇಳಿದ್ದರು. ವಿಶ್ವಸಂಸ್ಥೆಯ ಮೂಲನಿವಾಸಿಗಳ ಹಕ್ಕುಗಳ ಘೋಷಣೆ (2007), 31ನೇ ವಿಧಿಯಲ್ಲಿ ಇಂಥ ಅರಿವಿನ ಮೇಲಿನ ಹಿಡಿತ ಅವರದ್ದೇ ಎನ್ನುತ್ತದೆ. ಓದಿದ್ದೆ, ಆದರೆ ಫೋನ್ ಮುಂದೆ ಹಿಡಿದಾಗ ನೆನಪಾಗಲಿಲ್ಲ ನೋಡಿ. ಗಿಡಗಳ ಹೆಸರು ಕತ್ತರಿಸಿ, ಉಳಿದದ್ದನ್ನು ಅವರಿಗೆ ಕೇಳಿಸಿ, ಮೆಮೊರಿ ಕಾರ್ಡ್ ಅವರ ಕೈಗೇ ಕೊಟ್ಟೆ. ಸದ್ಯಕ್ಕೆ ಎಲ್ಲೂ ಅಪ್‌ಲೋಡ್ ಇಲ್ಲ.

"ಅರ್ಥವಾಯಿತಾ" ಅಂತ ಕೇಳುವುದನ್ನೂ ಬಿಟ್ಟಿದ್ದೇನೆ. ಎಲ್ಲರೂ ಹೂಂ ಅನ್ನುತ್ತಾರೆ. ಪಕ್ಕದವರಿಗೆ ಮಾಡಿ ತೋರಿಸಿ ಅಂದರೆ ಎಲ್ಲಿ ತಡವರಿಸುತ್ತಾರೆ ಅಂತ ತಾನಾಗಿ ಕಾಣುತ್ತದೆ.

ಬಗೆಹರಿಯದೆ ಉಳಿದಿರುವುದು ಒಟಿಪಿ. ಫೋನ್ ಮೊಮ್ಮಗನದ್ದು, ನಂಬರ್ ಅವನದ್ದು. ಪರೀಕ್ಷೆಯ ವರದಿ ಮೊದಲು ಕಾಣುವುದೂ ಅವನಿಗೇ. ತಮ್ಮ ಮೂತ್ರದ ತೊಂದರೆ ಹುಡುಗನಿಗೆ ತಿಳಿಯುವುದು ಬೇಡ ಎಂದು ಒಬ್ಬ ತಾತ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು. ಪರದೆಗೆ ಬೀಗ ಹಾಕುವುದು ಕಲಿಸಲೇ ಅಂದೆ. "ಬೀಗ ಅವನೇ ಹಾಕಿಕೊಟ್ಟಿರೋದು" ಅಂದರು.